ಉಚ್ಚಂಗಿದುರ್ಗ

ಉಚ್ಚಂಗಿದುರ್ಗವು ಕರ್ನಾಟಕದ ವಿಜಯನಗರ ಜಿಲ್ಲೆಯ ಹರಪನಹಳ್ಳಿ ತಾಲ್ಲೂಕಿನಲ್ಲಿರುವ ಒಂದು ಗ್ರಾಮ ಹಾಗೂ ಪ್ರಾಚೀನ ಗಿರಿದುರ್ಗ. ನೊಳಂಬರ ಗಟ್ಟಿ ನೆಲೆಯಾಗಿ, ಮುಂದೆ ಉಚ್ಚಂಗಿಯ ಪಾಂಡ್ಯರ ರಾಜಧಾನಿಯಾಗಿ ಶಾಸನಗಳಲ್ಲಿ ಹೆಸರಾದ ಈ ಊರು ಇಂದು ಬೆಟ್ಟದ ಮೇಲಿನ ದೇವಿಯ ಕ್ಷೇತ್ರವೆಂದೇ ಹೆಚ್ಚು ಪರಿಚಿತವಾಗಿದೆ. ದೇವಿಯನ್ನು ಉಚ್ಚಂಗಮ್ಮ, ಉಚ್ಚೆಂಗೆಮ್ಮ, ಉಚ್ಚಂಗಿ ಯಲ್ಲಮ್ಮ ಎಂದೂ ಸಂಸ್ಕೃತೀಕರಿಸಿದ ರೂಪದಲ್ಲಿ ಉತ್ಸವಾಂಬ ಎಂದೂ ಕರೆಯುತ್ತಾರೆ. ಗ್ರಾಮದ ವ್ಯವಹಾರದ ಭಾಷೆ ಕನ್ನಡ. ಆದರೆ ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಜಗಳೂರು, ಮೊಳಕಾಲ್ಮೂರುಗಳನ್ನು ಒಳಗೊಂಡ ಈ ಬಯಲುಸೀಮೆಯಲ್ಲಿ ಮನೆಯೊಳಗೆ ತೆಲುಗು, ಮನೆಯ ಹೊರಗೆ ಕನ್ನಡ ಆಡುವ ಸಮುದಾಯಗಳು ತಲೆಮಾರುಗಳಿಂದ ನೆಲೆಸಿವೆ. ದೇವಿಯ ಒಕ್ಕಲು ಎರಡೂ ಮಾತಿನ ಜನರಿಗೆ ಸೇರಿದ್ದು. ಕೋಟೆ, ದೇವಿ, ಭಾಷೆ ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡದೆ ಉಚ್ಚಂಗಿದುರ್ಗದ ಜನಜೀವನ ಅರ್ಥವಾಗುವುದಿಲ್ಲ.

ಸ್ಥಳ ಮತ್ತು ಹೆಸರು

ಗ್ರಾಮವು ಹರಪನಹಳ್ಳಿ ಪಟ್ಟಣದ ದಕ್ಷಿಣಕ್ಕೆ, ದಾವಣಗೆರೆ ನಗರದ ಈಶಾನ್ಯಕ್ಕೆ, ಎರಡಕ್ಕೂ ಹೆಚ್ಚುಕಡಿಮೆ ಸಮಾನ ದೂರದಲ್ಲಿದೆ. ಆಡಳಿತದ ದೃಷ್ಟಿಯಿಂದ ಅರಸೀಕೆರೆ ಹೋಬಳಿಗೆ ಸೇರುತ್ತದೆ. ಈ ಅರಸೀಕೆರೆ ಹರಪನಹಳ್ಳಿ ತಾಲ್ಲೂಕಿನ ಊರು; ಹಾಸನ ಜಿಲ್ಲೆಯ ಅರಸೀಕೆರೆಯಲ್ಲ. ಸುತ್ತಲೂ ಎರೆ ಮತ್ತು ಮಸಾರಿ ಮಣ್ಣಿನ ಬಯಲು, ನಡುನಡುವೆ ಬಂಡೆಗಲ್ಲಿನ ಗುಡ್ಡಗಳು. ಅವುಗಳಲ್ಲಿ ಎದ್ದು ಕಾಣುವ ಒಂದರ ಮೇಲೆ ಕೋಟೆಯೂ ದೇವಸ್ಥಾನವೂ ಇವೆ. ಊರು ಬೆಟ್ಟದ ಬುಡದಲ್ಲಿ ಹರಡಿಕೊಂಡಿದೆ.

ಕದಂಬರ ತಾಮ್ರಶಾಸನಗಳಲ್ಲಿ ಬರುವ ‘ಉಚ್ಚಶೃಂಗಿ’ ಎಂಬ ಸ್ಥಳವೇ ಇಂದಿನ ಉಚ್ಚಂಗಿ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಎತ್ತರದ ಶಿಖರವುಳ್ಳದ್ದು ಎಂಬ ಅರ್ಥ ಸ್ಥಳಕ್ಕೆ ಹೊಂದುತ್ತದೆ. ಮದರಾಸು ಸರ್ಕಾರದ ಕಾಲದ ಇಂಗ್ಲಿಷ್ ದಾಖಲೆಗಳಲ್ಲಿ ಊರಿನ ಹೆಸರು ‘ಉಚ್ಚಂಗಿದುರ್ಗಂ’ ಎಂದು ಮಕಾರಾಂತವಾಗಿ ಕಾಣುತ್ತದೆ. ಆಗಿನ ಬಳ್ಳಾರಿ ಜಿಲ್ಲೆಯ ಕಾಗದಪತ್ರಗಳಲ್ಲಿ ಕನ್ನಡದ ಊರುಗಳೂ ತಮಿಳು, ತೆಲುಗು ರೀತಿಯಲ್ಲಿ ಬರೆಯಲ್ಪಡುತ್ತಿದ್ದುದಕ್ಕೆ ಇದೊಂದು ಉದಾಹರಣೆ. ಸ್ಥಳೀಯರ ಮಾತಿನಲ್ಲಿ ಊರು ಕೇವಲ ‘ದುರ್ಗ’ ಅಥವಾ ‘ಉಚ್ಚಂಗಿ’. ಆದರೆ ‘ದುರ್ಗ’ ಎಂದರೆ ಚಿತ್ರದುರ್ಗವೂ ಆಗಬಹುದಾದ್ದರಿಂದ, ಎರಡು ದುರ್ಗಗಳ ನಡುವಿನ ಊರುಗಳಲ್ಲಿ ಮಾತಿನ ಸಂದರ್ಭವನ್ನು ನೋಡಿಯೇ ತಿಳಿಯಬೇಕು.

ಇತಿಹಾಸ

ಕದಂಬರ ಕಾಲದಲ್ಲಿ ಉಚ್ಚಶೃಂಗಿ ರಾಜವಂಶದ ಒಂದು ನೆಲೆಯಾಗಿತ್ತು. ದೊರೆ ಹರಿವರ್ಮನು ಇಲ್ಲಿದ್ದಾಗ ತನ್ನ ಚಿಕ್ಕಪ್ಪ ಶಿವರಥನ ಸಲಹೆಯಂತೆ ದಾನ ನೀಡಿದ ಶಾಸನವಿದೆ.

ಕೋಟೆಗೆ ದೊಡ್ಡ ಹೆಸರು ಬಂದದ್ದು ನೊಳಂಬ ಪಲ್ಲವರ ಕಾಲದಲ್ಲಿ. ನೊಳಂಬರ ರಾಜಧಾನಿ ಹೆಂಜೇರು, ಅಂದರೆ ಇಂದು ಆಂಧ್ರಪ್ರದೇಶದ ಮಡಕಶಿರಾ ಸಮೀಪದಲ್ಲಿರುವ ಹೇಮಾವತಿ. ಅವರ ನೊಳಂಬವಾಡಿ 32000 ಪ್ರಾಂತವು ಇಂದಿನ ಚಿತ್ರದುರ್ಗ, ತುಮಕೂರು, ಬಳ್ಳಾರಿ, ಅನಂತಪುರ ಭಾಗಗಳನ್ನು ವ್ಯಾಪಿಸಿತ್ತು. ಕನ್ನಡ ನಾಡು, ತೆಲುಗು ನಾಡು ಎಂದು ಇಂದು ನಾವು ಗೆರೆ ಎಳೆಯುವ ನೆಲ ಆಗ ಒಂದೇ ಆಳ್ವಿಕೆಯಲ್ಲಿತ್ತು ಎಂಬುದು ಈ ಸೀಮೆಯ ಭಾಷಾಸ್ಥಿತಿಯನ್ನು ತಿಳಿಯಲು ಮುಖ್ಯವಾದ ಸಂಗತಿ. ಹತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಗಂಗ ದೊರೆ ಎರಡನೆಯ ಮಾರಸಿಂಹನು ನೊಳಂಬರನ್ನು ಸೋಲಿಸಿ ‘ನೊಳಂಬಕುಲಾಂತಕ’ ಎಂಬ ಬಿರುದನ್ನು ಧರಿಸಿದನು. ಅವನ ದಂಡನಾಯಕನಾಗಿದ್ದ ಚಾವುಂಡರಾಯನಿಗೆ ‘ರಣರಂಗಸಿಂಗ’ ಎಂಬ ಬಿರುದು ಬಂದದ್ದು ಉಚ್ಚಂಗಿಯ ಕೋಟೆಯಲ್ಲಿ ರಾಜಾದಿತ್ಯನ ವಿರುದ್ಧ ತೋರಿದ ಪರಾಕ್ರಮಕ್ಕಾಗಿ. ಶ್ರವಣಬೆಳಗೊಳದ ಗೊಮ್ಮಟನ ಮೂರ್ತಿಯನ್ನು ಮಾಡಿಸಿದವನೂ ಈ ಚಾವುಂಡರಾಯನೇ.

ನೊಳಂಬರ ನಂತರ, ಕಲ್ಯಾಣದ ಚಾಲುಕ್ಯರ ಸಾಮಂತರಾಗಿ ಪಾಂಡ್ಯರೆಂಬ ಮನೆತನದವರು ಇಲ್ಲಿಂದ ನೊಳಂಬವಾಡಿಯನ್ನು ಆಳಿದರು. ಮಧುರೆಯ ಪಾಂಡ್ಯರಿಂದ ಪ್ರತ್ಯೇಕಿಸಲು ಇವರನ್ನು ಇತಿಹಾಸಕಾರರು ಉಚ್ಚಂಗಿಯ ಪಾಂಡ್ಯರೆಂದು ಕರೆಯುತ್ತಾರೆ. ತ್ರಿಭುವನಮಲ್ಲ ಪಾಂಡ್ಯ, ವೀರಪಾಂಡ್ಯ, ವಿಜಯಪಾಂಡ್ಯ ಇವರಲ್ಲಿ ಪ್ರಮುಖರು. ಹೊಯ್ಸಳರಿಗೂ ಇವರಿಗೂ ನಡೆದ ಹೋರಾಟ ದೀರ್ಘವಾದದ್ದು. ವಿಷ್ಣುವರ್ಧನನ ಬಿರುದಾವಳಿಯಲ್ಲಿ ಗೆದ್ದ ನಾಡುಗಳ ಸಾಲಿನಲ್ಲಿ ಉಚ್ಚಂಗಿಯೂ ಸೇರಿದೆ. ಆದರೂ ಕೋಟೆ ಶಾಶ್ವತವಾಗಿ ಹೊಯ್ಸಳರ ಕೈಗೆ ಬಂದಿರಲಿಲ್ಲ. ಅವನ ಮೊಮ್ಮಗ ಇಮ್ಮಡಿ ವೀರಬಲ್ಲಾಳನು ಸುಮಾರು 1177ರಲ್ಲಿ ವಿಜಯಪಾಂಡ್ಯನಿಂದ ಇದನ್ನು ಗೆದ್ದುಕೊಂಡನು. ಚೋಳನು ಹನ್ನೆರಡು ವರ್ಷ ಮುತ್ತಿಗೆ ಹಾಕಿ, ಕೈಲಾಗದೆಂದು ಬಿಟ್ಟುಹೋದ ಕೋಟೆಯನ್ನು ಬಲ್ಲಾಳನು ಲೀಲೆಯಿಂದ ಹಿಡಿದನೆಂದು ಶಾಸನದ ವರ್ಣನೆ. ಹನ್ನೆರಡು ವರ್ಷದ ಲೆಕ್ಕವನ್ನು ಹೊಗಳಿಕೆಯ ಮಾತೆಂದು ತೆಗೆದುಕೊಂಡರೂ, ಕೋಟೆಯ ದುರ್ಗಮತೆಯ ಬಗ್ಗೆ ಆ ಕಾಲದವರಿಗಿದ್ದ ಅಭಿಪ್ರಾಯವನ್ನು ಅದು ತಿಳಿಸುತ್ತದೆ. ಈ ಗೆಲುವಿನಿಂದ ಬಲ್ಲಾಳನಿಗೆ ‘ಗಿರಿದುರ್ಗಮಲ್ಲ’ ಎಂಬ ಬಿರುದೂ, ಶನಿವಾರದಂದು ಗೆದ್ದುದರಿಂದ ‘ಶನಿವಾರಸಿದ್ಧಿ’ ಎಂಬ ಬಿರುದೂ ಬಂದವು.

ವಿಜಯನಗರದ ಪತನಾನಂತರ ಈ ಪ್ರದೇಶ ಪಾಳೆಯಗಾರರ ಪೈಪೋಟಿಯ ಕಣವಾಯಿತು. ಒಂದು ಕಡೆ ಹರಪನಹಳ್ಳಿಯ ನಾಯಕರು, ಇನ್ನೊಂದು ಕಡೆ ಚಿತ್ರದುರ್ಗದ ನಾಯಕರು. ಇಬ್ಬರ ನಡುವಿನ ವೈರ 1748ರ ಮಾಯಕೊಂಡದ ಯುದ್ಧದಲ್ಲಿ ಪರಾಕಾಷ್ಠೆಗೆ ಮುಟ್ಟಿತು. ಆ ಯುದ್ಧದಲ್ಲಿ ಹರಪನಹಳ್ಳಿಯ ಸೋಮಶೇಖರ ನಾಯಕನೂ ಅವನ ಮಿತ್ರರೂ ಗೆದ್ದರು, ಚಿತ್ರದುರ್ಗದ ದೊರೆ ಮದಕರಿ ನಾಯಕನು ಮಡಿದನು. ಕುತೂಹಲದ ಸಂಗತಿಯೆಂದರೆ ಉಚ್ಚಂಗಿಯ ದೇವಿ ಚಿತ್ರದುರ್ಗದ ನಾಯಕರ ಆರಾಧ್ಯ ದೇವತೆಗಳಲ್ಲಿ ಒಬ್ಬಳು. ಚಿತ್ರದುರ್ಗದಲ್ಲಿಯೂ ಉಚ್ಚಂಗಿ ಯಲ್ಲಮ್ಮನ ಗುಡಿಯಿದೆ. ಕೋಟೆಗಾಗಿ ಕಾದಾಡಿದವರು ದೇವಿಯ ವಿಷಯದಲ್ಲಿ ಒಂದೇ ಒಕ್ಕಲಾಗಿದ್ದರು.

ಆಡಳಿತದ ಗಡಿಗಳು

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಹರಪನಹಳ್ಳಿ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಆಡಳಿತಕ್ಕೆ ಒಳಪಟ್ಟು, ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿತು. ಪಕ್ಕದ ಜಗಳೂರು ಮತ್ತು ದಾವಣಗೆರೆ ಮೈಸೂರು ಸಂಸ್ಥಾನದಲ್ಲಿದ್ದವು. ಹೀಗಾಗಿ ಉಚ್ಚಂಗಿದುರ್ಗ ಸುಮಾರು ನೂರೈವತ್ತು ವರ್ಷ ಎರಡು ಆಡಳಿತಗಳ ಅಂಚಿನಲ್ಲಿ ಉಳಿದ ಊರು.

ಆಂಧ್ರ ರಾಜ್ಯ ರಚನೆಯ ಸಂದರ್ಭದಲ್ಲಿ ಬಳ್ಳಾರಿ ಜಿಲ್ಲೆಯನ್ನು ಭಾಷೆಯ ಆಧಾರದ ಮೇಲೆ ಹಂಚಲಾಯಿತು. ತೆಲುಗು ಪ್ರಧಾನವೆಂದು ಎಣಿಸಿದ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ, ಹೊಸಪೇಟೆ, ಸಂಡೂರು, ಸಿರುಗುಪ್ಪಗಳ ಬಗ್ಗೆ ಹೆಚ್ಚಿನ ವಿವಾದವಿಲ್ಲದೆ ಮೈಸೂರಿಗೆ ಎಂದು ತೀರ್ಮಾನವಾಯಿತು. ವಿವಾದ ಕೇಂದ್ರೀಕೃತವಾದದ್ದು ಬಳ್ಳಾರಿ ತಾಲ್ಲೂಕಿನ ಮೇಲೆ. ನ್ಯಾಯಮೂರ್ತಿ ಎಲ್. ಎಸ್. ಮಿಶ್ರಾ ಅವರ ವರದಿಯ ನಂತರ ಅದೂ ಮೈಸೂರಿಗೆ ಬಂದಿತು. 1953ರ ಅಕ್ಟೋಬರ್ 1ರಂದು ಈ ವಿಂಗಡಣೆ ಜಾರಿಗೆ ಬಂತು. ತಾಲ್ಲೂಕನ್ನು ಘಟಕವಾಗಿಟ್ಟು ಎಳೆದ ಗೆರೆಯಾದ್ದರಿಂದ ಆಂಧ್ರದ ರಾಯದುರ್ಗ, ಮಡಕಶಿರಾ ಕಡೆ ಕನ್ನಡದ ಹಳ್ಳಿಗಳೂ, ಕರ್ನಾಟಕದ ಕೂಡ್ಲಿಗಿ, ಮೊಳಕಾಲ್ಮೂರು ಕಡೆ ತೆಲುಗು ಮನೆಮಾತಿನ ಹಳ್ಳಿಗಳೂ ಉಳಿದುಕೊಂಡವು.

ಆಮೇಲೂ ಗಡಿ ಬದಲಾಗುವುದು ನಿಲ್ಲಲಿಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಹರಪನಹಳ್ಳಿ ತಾಲ್ಲೂಕನ್ನು ಬಳ್ಳಾರಿಯಿಂದ ತೆಗೆದು ಅದಕ್ಕೆ ಸೇರಿಸಲಾಯಿತು. ಇದರಿಂದ, ಹೈದರಾಬಾದ್ ಕರ್ನಾಟಕ ಪ್ರದೇಶಕ್ಕೆ ಸಂವಿಧಾನದ 371ಜೆ ವಿಧಿಯ ವಿಶೇಷ ಸ್ಥಾನಮಾನ ದೊರೆತಾಗ ಬಳ್ಳಾರಿ ಜಿಲ್ಲೆಗೆ ಸಿಕ್ಕ ಶಿಕ್ಷಣ, ಉದ್ಯೋಗ ಮೀಸಲಾತಿ ಹರಪನಹಳ್ಳಿಗೆ ಸಿಗಲಿಲ್ಲ. ಪ್ರಾದೇಶಿಕ ಅಸಮಾನತೆಯ ಅಧ್ಯಯನಕ್ಕಾಗಿ ನೇಮಕಗೊಂಡಿದ್ದ ಡಿ. ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದವೆಂದು ಪಟ್ಟಿಮಾಡಿದ ತಾಲ್ಲೂಕುಗಳಲ್ಲಿ ಹರಪನಹಳ್ಳಿಯೂ ಒಂದಾಗಿದ್ದುದರಿಂದ ಈ ಕೊರತೆ ಜನರನ್ನು ತೀವ್ರವಾಗಿ ತಟ್ಟಿತು. ಹೋರಾಟಗಳ ಬಳಿಕ 2018ರಲ್ಲಿ ತಾಲ್ಲೂಕನ್ನು ಬಳ್ಳಾರಿಗೆ ಮರಳಿಸುವ ತೀರ್ಮಾನವಾಯಿತು. 2021ರಲ್ಲಿ ಹೊಸದಾಗಿ ರಚನೆಯಾದ ವಿಜಯನಗರ ಜಿಲ್ಲೆಗೆ ಅದು ಸೇರ್ಪಡೆಯಾಯಿತು. ಹೀಗಿದ್ದರೂ ಅರಸೀಕೆರೆ ಹೋಬಳಿಯ ಗ್ರಾಮಗಳು ಮತ ಹಾಕುವುದು ದಾವಣಗೆರೆ ಜಿಲ್ಲೆಯ ಜಗಳೂರು ವಿಧಾನಸಭಾ ಕ್ಷೇತ್ರಕ್ಕೆ. ಊರಿನ ಹಿರಿಯರೊಬ್ಬರು ಮನೆಯಿಂದ ಕದಲದೆ ಮದರಾಸು, ಮೈಸೂರು, ಕರ್ನಾಟಕ ಎಂಬ ಮೂರು ರಾಜ್ಯಗಳ ಹೆಸರನ್ನೂ ಬಳ್ಳಾರಿ, ದಾವಣಗೆರೆ, ವಿಜಯನಗರ ಎಂಬ ಮೂರು ಜಿಲ್ಲೆಗಳ ಹೆಸರನ್ನೂ ತಮ್ಮ ವಿಳಾಸದಲ್ಲಿ ಬರೆದಿರಲು ಸಾಧ್ಯ.

ಜನ ಮತ್ತು ಭಾಷೆ

ಸೀಮೆಯ ಜನರಲ್ಲಿ ನಾಯಕ, ಲಿಂಗಾಯತ, ಕುರುಬ, ಮಾದಿಗ, ಭೋವಿ, ಗೊಲ್ಲ, ಲಂಬಾಣಿ, ಮುಸ್ಲಿಂ ಮೊದಲಾದ ಸಮುದಾಯಗಳಿವೆ. ಲಂಬಾಣಿ ತಾಂಡಾಗಳಲ್ಲಿ ಗೋರ್‌ಬೋಲಿಯೂ ಮುಸ್ಲಿಮರ ಮನೆಗಳಲ್ಲಿ ಉರ್ದುವೂ ಮನೆಮಾತು. ತೆಲುಗಿನ ಸ್ಥಿತಿ ಇವೆರಡಕ್ಕಿಂತ ಭಿನ್ನ. ಅದು ಯಾವುದೇ ಒಂದು ಸಮುದಾಯದ ಗುರುತಲ್ಲ; ಹಲವು ಜಾತಿಗಳ ಕೆಲವು ಕವಲುಗಳಲ್ಲಿ ಹಂಚಿಹೋಗಿರುವ ಮಾತು.

ಇವುಗಳಲ್ಲಿ ಮೊದಲು ಹೇಳಬೇಕಾದವರು ಭೋವಿಗಳು. ಬಂಡೆ ಒಡೆಯುವ ಕಲ್ಲುವಡ್ಡರು, ಕೆರೆಕಟ್ಟೆಗಳ ಮಣ್ಣು ಹೊರುವ ಮಣ್ಣುವಡ್ಡರು ಎಂದು ಕಸುಬಿನಿಂದ ಗುರುತಿಸಿಕೊಂಡಿದ್ದ ಈ ಸಮುದಾಯ ಕರ್ನಾಟಕದಲ್ಲಿ ಎಲ್ಲೇ ಇರಲಿ, ಮನೆಯಲ್ಲಿ ತೆಲುಗಿನ ಒಂದು ಪ್ರಭೇದವನ್ನು ಆಡುತ್ತದೆ. ಕೆರೆ ಕಟ್ಟಿಸಿದ ಶರಣನೆಂದು ಪ್ರಸಿದ್ಧನಾದ ಸೊನ್ನಲಿಗೆಯ ಸಿದ್ಧರಾಮನನ್ನು ಇವರು ಕುಲಗುರುವೆಂದು ಭಾವಿಸುತ್ತಾರೆ. ಚಿತ್ರದುರ್ಗದಲ್ಲಿ ಇವರ ಗುರುಪೀಠವಿದೆ. ಗುರುವಿನ ವಚನಗಳು ಕನ್ನಡದವು, ಮನೆಯ ಮಾತು ತೆಲುಗು. ಕರ್ನಾಟಕದ ಕೆರೆ, ಕೋಟೆ, ರಸ್ತೆ, ರೈಲುಹಾದಿಗಳ ಹಿಂದೆ ಇವರ ದುಡಿಮೆ ಇದೆಯೆಂಬುದನ್ನು ಇತಿಹಾಸದ ಪುಸ್ತಕಗಳು ಹೇಳುವುದು ಕಡಿಮೆ. ಯಂತ್ರಗಳು ಬಂದ ಮೇಲೆ ಬಂಡೆಯ ಕೆಲಸ ಕುಗ್ಗಿ, ಬಹುಪಾಲು ಜನ ಕೃಷಿ ಕೂಲಿ ಮತ್ತು ಕಟ್ಟಡ ಕೆಲಸಗಳಿಗೆ ತಿರುಗಿದ್ದಾರೆ.

ಎರಡನೆಯದು ಮ್ಯಾಸಬೇಡ ಅಥವಾ ಮ್ಯಾಸನಾಯಕ ಸಮುದಾಯ. ಬೇಡರಲ್ಲಿ ಊರುಬೇಡ, ಮ್ಯಾಸಬೇಡ ಎಂಬ ಎರಡು ಪಂಗಡಗಳಿವೆ. ಕೂಡ್ಲಿಗಿ, ಮೊಳಕಾಲ್ಮೂರು, ಚಳ್ಳಕೆರೆ ಭಾಗದ ಮ್ಯಾಸಬೇಡರಲ್ಲಿ ಹಲವರ ಮನೆಮಾತು ತೆಲುಗು. ಇವರ ಸಾಮಾಜಿಕ ವ್ಯವಸ್ಥೆಯ ಕೇಂದ್ರ ಕಟ್ಟೆಮನೆ. ದೇವರಿಗೆ ಬಿಟ್ಟ ಎತ್ತುಗಳ ಮಂದೆಯನ್ನು ಸಾಕುವುದು, ಅವುಗಳನ್ನು ಕಾಯುವ ಕಿಲಾರಿಯನ್ನು ಗೌರವದಿಂದ ಕಾಣುವುದು ಇವರ ವಿಶಿಷ್ಟ ಸಂಪ್ರದಾಯ. ಕೋಳಿ ಮಾಂಸವನ್ನೂ ಹೆಂಡವನ್ನೂ ವರ್ಜಿಸುವ ಇವರ ಕಟ್ಟುಪಾಡನ್ನು ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟವಾದ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಗ್ರಂಥದಲ್ಲಿಯೇ ದಾಖಲಿಸಿದ್ದಾನೆ. ಚಿತ್ರದುರ್ಗದ ಪಾಳೆಯಗಾರರು ಈ ಬೇಡ ಮೂಲದವರು. ‘ಕಾಮಗೇತಿ’ ಎಂಬ ವಂಶನಾಮ ಹೊತ್ತ ಅವರ ಪೂರ್ವಿಕರು ತಿರುಪತಿಯ ಕಡೆಯ ಜಡಿಕಲ್ಲದುರ್ಗದಿಂದ ಬಂದವರೆಂದು ಮನೆತನದ ಐತಿಹ್ಯ ಹೇಳುತ್ತದೆ. ಐತಿಹ್ಯವನ್ನು ಅಕ್ಷರಶಃ ನಂಬಬೇಕಿಲ್ಲ. ಕನ್ನಡದ ವೀರಪರಂಪರೆಯೆಂದು ನಾವು ಕೊಂಡಾಡುವ ಮನೆತನವೊಂದು ತನ್ನ ಮೂಲವನ್ನು ತೆಲುಗು ಸೀಮೆಯಲ್ಲಿ ನೆನೆಯುತ್ತಿತ್ತೆಂಬುದಷ್ಟೇ ಇಲ್ಲಿ ಗಮನಾರ್ಹ.

ಈ ಹಳೆಯ ತೆಲುಗು ಮನೆಗಳನ್ನು ತುಂಗಭದ್ರಾ ಅಣೆಕಟ್ಟೆಯ ನಂತರ ಬಂದ ತೆಲುಗು ರೈತರೊಂದಿಗೆ ಬೆರೆಸಬಾರದು. ಸಿರುಗುಪ್ಪ, ಗಂಗಾವತಿ, ಸಿಂಧನೂರು ಕಡೆ ಕಾಲುವೆ ನೀರು ಹರಿದ ಮೇಲೆ ಕರಾವಳಿ ಆಂಧ್ರದಿಂದ ಬಂದ ರೈತರು ಜಮೀನು ಕೊಂಡು ‘ಕ್ಯಾಂಪು’ಗಳನ್ನು ಕಟ್ಟಿಕೊಂಡರು. ಅವರಿಗೆ ತೆಲುಗು ಓದು ಬರಹವೂ, ಬಂಡವಾಳವೂ, ತವರಿನ ನಂಟೂ ಇತ್ತು. ಮಳೆಯನ್ನೇ ನಂಬಿದ ಉಚ್ಚಂಗಿ ಸೀಮೆಯಲ್ಲಿ ಅಂಥ ವಲಸೆ ಆ ಪ್ರಮಾಣದಲ್ಲಿ ನಡೆಯಲಿಲ್ಲ. ಇಲ್ಲಿಯ ತೆಲುಗು ಮನೆಗಳವರು ಶತಮಾನಗಳಿಂದ ಇಲ್ಲಿಯವರೇ. ಅವರ ಮಕ್ಕಳು ಓದುವುದು ಕನ್ನಡ ಶಾಲೆಯಲ್ಲಿ. ತೆಲುಗು ಲಿಪಿ ಕನ್ನಡ ಲಿಪಿಯ ಒಡಹುಟ್ಟಾಗಿದ್ದರೂ ಅದನ್ನು ಓದಬಲ್ಲವರು ವಿರಳ. ಮಾತು ಬಾಯಿಂದ ಬಾಯಿಗೆ ಮಾತ್ರ ಉಳಿದಿದೆ. ಅದರಲ್ಲಿ ಕನ್ನಡದ ಪದಗಳು ಎಷ್ಟು ಬೆರೆತಿವೆಯೆಂದರೆ ವಿಜಯವಾಡದ ತೆಲುಗು ಕಿವಿಗೆ ಅದು ಪರಕೀಯವಾಗಿ ಕೇಳಬಹುದು. ಮನೆಯ ಹೆಸರನ್ನು ತೆಲುಗಿನವರು ‘ಇಂಟಿಪೇರು’ ಎನ್ನುತ್ತಾರೆ, ಕನ್ನಡದವರು ‘ಬೆಡಗು’ ಎನ್ನುತ್ತಾರೆ. ಹೆಣ್ಣು ಕೊಡುವಾಗ, ತರುವಾಗ ಕೇಳುವ ಮೊದಲ ಪ್ರಶ್ನೆ ಎರಡೂ ಕಡೆ ಅದೇ.

ಜನಗಣತಿಯಲ್ಲಿ ಈ ಸ್ಥಿತಿ ಸರಿಯಾಗಿ ಕಾಣುವುದಿಲ್ಲ. 2011ರ ಗಣತಿಯ ಪ್ರಕಾರ ಕರ್ನಾಟಕದ ಜನಸಂಖ್ಯೆಯಲ್ಲಿ ಕನ್ನಡ ಮಾತೃಭಾಷಿಕರು ಶೇ. 66ಕ್ಕಿಂತ ತುಸು ಹೆಚ್ಚು, ಉರ್ದು ಮಾತೃಭಾಷಿಕರು ಶೇ. 11ರ ಸಮೀಪ, ತೆಲುಗು ಮಾತೃಭಾಷಿಕರು ಶೇ. 6ರ ಸಮೀಪ. ಭೋವಿಗಳ ಮಾತನ್ನು ಗಣತಿಯು ‘ವಡಾರಿ’ ಎಂಬ ಹೆಸರಿನಲ್ಲಿ ತೆಲುಗಿನ ಅಡಿಯಲ್ಲೇ ವರ್ಗೀಕರಿಸುತ್ತದೆ. ಗಣತಿದಾರ ಮನೆ ಬಾಗಿಲಿಗೆ ಬಂದಾಗ ಯಾವ ಮಾತನ್ನು ಬರೆಸಬೇಕೆಂಬುದು ಕುಟುಂಬದ ತೀರ್ಮಾನ. ಪಡಿತರ ಚೀಟಿ, ಶಾಲೆ, ಕಚೇರಿ ಎಲ್ಲವೂ ಕನ್ನಡದಲ್ಲಿರುವವರು ಕನ್ನಡವೆಂದೇ ಬರೆಸಿದರೆ ಅದರಲ್ಲಿ ಸುಳ್ಳೂ ಇಲ್ಲ, ಪೂರ್ತಿ ನಿಜವೂ ಇಲ್ಲ. ಮಾತೃಭಾಷೆಯಲ್ಲದೆ ಇನ್ನೆರಡು ಭಾಷೆಗಳನ್ನು ನಮೂದಿಸಲು ಗಣತಿಯಲ್ಲಿ ಅವಕಾಶವಿದೆ. ಆದರೆ ಯಾವುದು ಒಲೆಯ ಮುಂದಿನ ಮಾತು, ಯಾವುದು ಸಂತೆಯ ಮಾತು ಎಂಬುದನ್ನು ಕೋಷ್ಟಕ ಹೇಳಲಾರದು.

ಕನ್ನಡ, ತೆಲುಗುಗಳ ಈ ಸಹವಾಸ ಬಳ್ಳಾರಿಯ ಸಾಂಸ್ಕೃತಿಕ ಬದುಕಿನಲ್ಲಿಯೂ ಕಾಣುತ್ತದೆ. ಬಳ್ಳಾರಿ ರಾಘವ ಎರಡೂ ಭಾಷೆಗಳ ರಂಗಭೂಮಿಯಲ್ಲಿ ಹೆಸರಾದ ನಟ. ಕನ್ನಡದ ಹಾಸ್ಯ ಲೇಖಕ ಬೀchi ಎಂದೇ ಪ್ರಸಿದ್ಧರಾದ ರಾಯಸಂ ಭೀಮಸೇನರಾವ್ ಹುಟ್ಟಿದ್ದು ಹರಪನಹಳ್ಳಿಯಲ್ಲಿ, 1913ರಲ್ಲಿ. ಕೊಟ್ಟೂರಿನ ಕುಂ. ವೀರಭದ್ರಪ್ಪ ಆಂಧ್ರದ ಗಡಿಹಳ್ಳಿಗಳಲ್ಲಿ ಅಧ್ಯಾಪಕರಾಗಿದ್ದವರು. ರಾಯಲಸೀಮೆಯ ಬದುಕನ್ನೂ ಅದರ ಮಾತಿನ ಧಾಟಿಯನ್ನೂ ಕನ್ನಡ ಗದ್ಯಕ್ಕೆ ತಂದರು. ಅವರ ‘ಅರಮನೆ’ ಕಾದಂಬರಿಗೆ 2007ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿದೆ.

ಉಚ್ಚಂಗಮ್ಮನ ದೇವಸ್ಥಾನ

ದೇವಸ್ಥಾನವು ಕೋಟೆಯೊಳಗೆ, ಬೆಟ್ಟದ ಮೇಲಿದೆ. ಬುಡದಿಂದ ಮೆಟ್ಟಿಲು ಹತ್ತಿ, ಕೋಟೆಯ ಬಾಗಿಲುಗಳನ್ನು ದಾಟಿ ಹೋಗಬೇಕು. ಹಾದಿಯ ಅಕ್ಕಪಕ್ಕದಲ್ಲಿ ಪಾಳುಬಿದ್ದ ಗೋಡೆಗಳೂ, ಮಳೆನೀರು ನಿಲ್ಲುವ ಹೊಂಡಗಳೂ ಇವೆ. ನೀರಿನಾಸರೆಯಿಲ್ಲದ ಬೆಟ್ಟದ ಮೇಲೆ ದೀರ್ಘ ಮುತ್ತಿಗೆಗಳನ್ನು ತಾಳಿಕೊಳ್ಳಲು ಸಾಧ್ಯವಾದದ್ದು ಇಂಥ ಹೊಂಡಗಳಿಂದಲೇ. ಕೆಳಗಿನ ಹಾಲಮ್ಮನ ತೋಪು ಜಾತ್ರೆಯ ಸಮಯದಲ್ಲಿ ಭಕ್ತರು ಬಿಡಾರ ಹೂಡುವ ಸ್ಥಳ.

ಮುಖ್ಯ ಜಾತ್ರೆ ನಡೆಯುವುದು ಮಾಘಮಾಸದ ಹುಣ್ಣಿಮೆಯಂದು. ಇದನ್ನು ಉತ್ತರ ಕರ್ನಾಟಕದಲ್ಲಿ ಭರತ ಹುಣ್ಣಿಮೆ ಎನ್ನುತ್ತಾರೆ. ಸವದತ್ತಿಯ ಯಲ್ಲಮ್ಮನಿಗೂ ಅದೇ ದಿನ ಜಾತ್ರೆ. ದಾವಣಗೆರೆ, ಚಿತ್ರದುರ್ಗ, ಬಳ್ಳಾರಿ ಕಡೆಗಳಿಂದ ಟ್ರ್ಯಾಕ್ಟರು, ಎತ್ತಿನಗಾಡಿಗಳಲ್ಲಿ ಬರುವ ಕುಟುಂಬಗಳು ತೋಪಿನಲ್ಲಿ ಒಲೆ ಹೂಡಿ, ಎಡೆ ಮಾಡಿ, ಪಡ್ಲಿಗೆ ತುಂಬಿಸುತ್ತವೆ. ಚೌಡಿಕೆಯ ಹಾಡು, ಭಂಡಾರ, ಬೇವಿನ ಸೊಪ್ಪು ಎಲ್ಲವೂ ಯಲ್ಲಮ್ಮನ ಪಂಥದ ಸಾಮಾನ್ಯ ಲಕ್ಷಣಗಳು. ಉಚ್ಚಂಗಮ್ಮ ಮೂಲತಃ ಬೇರೆಯೇ ಆದ ದುರ್ಗದ ದೇವತೆಯಾಗಿದ್ದು, ಕ್ರಮೇಣ ಯಲ್ಲಮ್ಮ, ರೇಣುಕೆಯರೊಂದಿಗೆ ಒಂದಾದಳೆಂದು ಊಹಿಸಲು ಅವಳ ಹಲವು ಹೆಸರುಗಳೇ ಆಧಾರ.

ಬಸವಿ ಪದ್ಧತಿ

ಉಚ್ಚಂಗಿದುರ್ಗದ ಹೆಸರು ರಾಜ್ಯದ ಹೊರಗೆ ಕೇಳಿಬಂದಿರುವುದು ಮುಖ್ಯವಾಗಿ ದೇವದಾಸಿ ಪದ್ಧತಿಯ ಕಾರಣದಿಂದ. ಬಳ್ಳಾರಿ ಸೀಮೆಯಲ್ಲಿ ಹೀಗೆ ಮುತ್ತು ಕಟ್ಟಿಸಿಕೊಂಡ ಹೆಣ್ಣನ್ನು ‘ಬಸವಿ’ ಎನ್ನುತ್ತಿದ್ದರು. ರಾಯಲಸೀಮೆಯ ತೆಲುಗಿನಲ್ಲಿಯೂ ಬಹುತೇಕ ಅದೇ ಪದ, ‘ಬಸಿವಿ’. ತೆಲಂಗಾಣದಲ್ಲಿ ‘ಜೋಗಿನಿ’, ಚಿತ್ತೂರಿನ ಕಡೆ ‘ಮಾತಮ್ಮ’. ಭಾಷೆಯ ಗಡಿ ಈ ಪದ್ಧತಿಗೆ ಎಂದೂ ಅಡ್ಡಿಯಾಗಿರಲಿಲ್ಲ.

ಬಸವಿ ಪದ್ಧತಿಯ ವೈಶಿಷ್ಟ್ಯ ಅದರ ಆಸ್ತಿ ಸಂಬಂಧದಲ್ಲಿದೆ. ಗಂಡುಮಕ್ಕಳಿಲ್ಲದ ತಂದೆತಾಯಿ ಮಗಳೊಬ್ಬಳನ್ನು ದೇವರಿಗೆ ಬಿಟ್ಟು ಮನೆಯಲ್ಲೇ ಉಳಿಸಿಕೊಳ್ಳುತ್ತಿದ್ದರು. ಅವಳು ಮಗನ ಸ್ಥಾನದಲ್ಲಿ ನಿಂತು ತಂದೆಯ ಆಸ್ತಿಗೆ ಹಕ್ಕುದಾರಳಾಗುತ್ತಿದ್ದಳು, ಅವಳ ಮಕ್ಕಳು ತಾಯಿಯ ತಂದೆಯ ವಂಶದ ಹೆಸರು ಹೊರುತ್ತಿದ್ದರು. ಈ ಅಂಶವನ್ನು ಬ್ರಿಟಿಷ್ ಅಧಿಕಾರಿ ಎಫ್. ಫಾಸೆಟ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬರೆದ ಬಸವಿಯರ ಕುರಿತ ಪ್ರಬಂಧದಲ್ಲಿ ವಿವರವಾಗಿ ಚರ್ಚಿಸಿದ್ದಾನೆ. ಇದನ್ನಿಟ್ಟುಕೊಂಡು ಬಸವಿಗೆ ಪುರುಷಸಮಾನ ಸ್ವಾತಂತ್ರ್ಯವಿತ್ತೆಂದು ವಾದಿಸುವವರಿದ್ದಾರೆ. ಆದರೆ ಬೇಡ, ಮಾದಿಗ ಮೊದಲಾದ ಸಮುದಾಯಗಳ ಬಡ ಕುಟುಂಬಗಳಲ್ಲಿ ಹಂಚಿಕೊಳ್ಳಲು ಆಸ್ತಿಯೇ ಇಲ್ಲದಿದ್ದಾಗ ಉಳಿಯುತ್ತಿದ್ದದ್ದು ಹಕ್ಕಲ್ಲ, ಹೊರೆ: ಮದುವೆಯಾಗುವಂತಿಲ್ಲ, ವಯಸ್ಸಾದ ತಂದೆತಾಯಿಯನ್ನು ಸಾಕಬೇಕು, ಊರಿನ ಉಳ್ಳವರ ಇಚ್ಛೆಗೆ ಒಳಗಾಗಬೇಕು. ನಿರ್ಧಾರವಾಗುತ್ತಿದ್ದ ಕಾಲಕ್ಕೆ ಅವಳಿನ್ನೂ ಬಾಲಕಿ. ಮಕ್ಕಳಿಗೆ ಶಾಲೆಯ ದಾಖಲೆಯಲ್ಲಿ ತಂದೆಯ ಹೆಸರಿನ ಜಾಗ ಖಾಲಿ.

ಪದ್ಧತಿಯನ್ನು ತಡೆಯುವ ಕಾನೂನುಗಳಲ್ಲಿಯೂ ಈ ಊರಿನ ಆಡಳಿತ ಚರಿತ್ರೆಯ ಛಾಯೆಯಿದೆ. ಬೆಳಗಾವಿ, ಧಾರವಾಡಗಳಿಗೆ ಮುಂಬಯಿ ಪ್ರಾಂತದ 1934ರ ಕಾಯ್ದೆ ಅನ್ವಯಿಸುತ್ತಿದ್ದರೆ, ಬಳ್ಳಾರಿ ಜಿಲ್ಲೆಗೆ ಅನ್ವಯವಾದದ್ದು ಮದರಾಸು ಪ್ರಾಂತದ 1947ರ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆ. ಡಾ. ಮುತ್ತುಲಕ್ಷ್ಮಿ ರೆಡ್ಡಿ ಅವರು 1927ರಿಂದ ಮದರಾಸು ಶಾಸನಸಭೆಯಲ್ಲಿ ಆರಂಭಿಸಿದ ಹೋರಾಟದ ಫಲ ಅದು. ಇಡೀ ಕರ್ನಾಟಕಕ್ಕೆ ಒಂದೇ ಕಾನೂನು ಬಂದದ್ದು 1982ರ ಕರ್ನಾಟಕ ದೇವದಾಸಿ (ಸಮರ್ಪಣಾ ನಿಷೇಧ) ಕಾಯ್ದೆಯಿಂದ; ಅದು ಜಾರಿಗೆ ಬಂದದ್ದು 1984ರಲ್ಲಿ. ಸಮರ್ಪಣೆಯಲ್ಲಿ ಭಾಗಿಯಾದವರಿಗೆ ಮೂರು ವರ್ಷದವರೆಗೆ ಶಿಕ್ಷೆಯಿದ್ದರೆ, ತಂದೆತಾಯಿ ಅಥವಾ ಪೋಷಕರೇ ಭಾಗಿಯಾಗಿದ್ದಲ್ಲಿ ಎರಡರಿಂದ ಐದು ವರ್ಷದವರೆಗೆ ಶಿಕ್ಷೆ. ಆಂಧ್ರಪ್ರದೇಶ 1988ರಲ್ಲಿ ತನ್ನದೇ ಕಾಯ್ದೆ ತಂದಿತು. ತಂದೆತಾಯಿಗೆ ಹೆಚ್ಚಿನ ಶಿಕ್ಷೆ ವಿಧಿಸುವ ಈ ಕಾಯ್ದೆ, ಮಗಳು ತನ್ನ ಮನೆಯವರ ಮೇಲೆಯೇ ದೂರು ಕೊಡಬೇಕಾದ ಸ್ಥಿತಿಯನ್ನು ತಂದಿತೆಂಬ ಟೀಕೆಯನ್ನು ತಳ್ಳಿಹಾಕುವಂತಿಲ್ಲ.

2014ರ ಫೆಬ್ರುವರಿ 14ರ ಹುಣ್ಣಿಮೆಯ ಹಿಂದಿನ ದಿನ, ಸಾರ್ವಜನಿಕ ಹಿತಾಸಕ್ತಿ ಅರ್ಜಿಯೊಂದರ ಮೇಲೆ ಸುಪ್ರೀಂ ಕೋರ್ಟ್, ಆಗ ದಾವಣಗೆರೆ ಜಿಲ್ಲೆಯಲ್ಲಿದ್ದ ಈ ದೇವಸ್ಥಾನದಲ್ಲಿ ಹೆಣ್ಣುಮಕ್ಕಳ ಸಮರ್ಪಣೆ ನಡೆಯದಂತೆ ಕ್ರಮ ಕೈಗೊಳ್ಳಲು ರಾಜ್ಯದ ಮುಖ್ಯ ಕಾರ್ಯದರ್ಶಿಗೆ ನಿರ್ದೇಶನ ನೀಡಿತು. ದೆಹಲಿಯ ಪತ್ರಿಕಾ ವರದಿಗಳಲ್ಲಿ ಊರಿನ ಹೆಸರು ‘ಉತ್ತಂಗ ಮಾಲಾ ದುರ್ಗಾ’ ಎಂದು ರೂಪಾಂತರಗೊಂಡಿತ್ತು. ಆ ಹೆಸರಿನಲ್ಲಿ ಹುಡುಕುವವರಿಗೆ ಉಚ್ಚಂಗಿದುರ್ಗ ಸಿಗುವುದಿಲ್ಲ. ಜಾತ್ರೆಯ ದಿನಗಳಲ್ಲಿ ಪೊಲೀಸ್ ಕಾವಲು, ಎಚ್ಚರಿಕೆಯ ಫಲಕಗಳು, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಸಿಬ್ಬಂದಿಯ ತಪಾಸಣೆ ಈಗ ರೂಢಿಯಾಗಿವೆ. ಬೆಟ್ಟದ ಮೇಲೆ ಬಹಿರಂಗವಾಗಿ ಮುತ್ತು ಕಟ್ಟುವುದು ನಿಂತಿದ್ದರೂ, ಮನೆಗಳಲ್ಲಿ ಅಥವಾ ಸಣ್ಣ ಗುಡಿಗಳಲ್ಲಿ ಗುಟ್ಟಾಗಿ ನಡೆಯುವ ಸಾಧ್ಯತೆಯ ಬಗ್ಗೆ ಈ ಕ್ಷೇತ್ರದಲ್ಲಿ ದುಡಿಯುವವರು ಎಚ್ಚರಿಸುತ್ತಲೇ ಬಂದಿದ್ದಾರೆ.

ಸರ್ಕಾರ 1993–94 ಮತ್ತು 2007–08ರಲ್ಲಿ ನಡೆಸಿದ ಎರಡು ಸಮೀಕ್ಷೆಗಳಲ್ಲಿ ರಾಜ್ಯದಲ್ಲಿ ಒಟ್ಟು 46,660 ದೇವದಾಸಿ ಮಹಿಳೆಯರನ್ನು ಗುರುತಿಸಲಾಯಿತು. ಮಾಸಾಶನ, ವಸತಿ, ಸಾಲ ಸೌಲಭ್ಯಗಳು ಈ ಪಟ್ಟಿಯಲ್ಲಿ ಹೆಸರಿದ್ದವರಿಗೆ ಮಾತ್ರ ದೊರೆಯುತ್ತಿದ್ದುದರಿಂದ, ಸಮೀಕ್ಷೆಯ ದಿನ ಗುಳೆ ಹೋಗಿದ್ದವರು, ನಾಚಿಕೆಯಿಂದ ಹೆಸರು ಬರೆಸದವರು ಹೊರಗುಳಿದರು. 2025ರಲ್ಲಿ ರಾಜ್ಯ ವಿಧಾನಮಂಡಲವು ಪರಿಹಾರ ಮತ್ತು ಪುನರ್ವಸತಿಯನ್ನೂ ಒಳಗೊಂಡ ಹೊಸ ದೇವದಾಸಿ ಮಸೂದೆಯನ್ನು ಅಂಗೀಕರಿಸಿತು. ದೇವದಾಸಿಯರ ಮಕ್ಕಳು ದಾಖಲೆಗಳಲ್ಲಿ ತಂದೆಯ ಹೆಸರನ್ನು ಕಡ್ಡಾಯವಾಗಿ ಹೇಳಬೇಕಿಲ್ಲ, ಬಯಸಿದಲ್ಲಿ ಪಿತೃತ್ವವನ್ನು ಸ್ಥಾಪಿಸಿ ಹಕ್ಕು ಕೇಳಬಹುದು ಎಂಬುದು ಅದರ ಮುಖ್ಯಾಂಶ.

ಜೀವನೋಪಾಯ

ಕೃಷಿ ಮಳೆಯಾಧಾರಿತ. ಮೆಕ್ಕೆಜೋಳ ಇಂದು ಪ್ರಧಾನ ಬೆಳೆ; ಜೋಳ, ಶೇಂಗಾ, ಹತ್ತಿಗಳೂ ಇವೆ. ಮೆಕ್ಕೆಜೋಳದ ಮಾರಾಟ ದಾವಣಗೆರೆಯ ಮಾರುಕಟ್ಟೆಗೆ ಜೋಡಿಕೊಂಡಿರುವುದರಿಂದ, ಜಿಲ್ಲೆ ಯಾವುದೇ ಇರಲಿ, ರೈತರ ವ್ಯವಹಾರ ದಕ್ಷಿಣದ ಕಡೆಗೇ. ಬೋರ್‌ವೆಲ್ ಇದ್ದವರು ತೋಟ, ತರಕಾರಿ ಮಾಡುತ್ತಾರೆ. ಕುರಿ ಸಾಕಣೆ ಹಿಂದಿನಿಂದಲೂ ಇದೆ. ಮಳೆ ಕೈಕೊಟ್ಟ ವರ್ಷ ಭೂಮಿಯಿಲ್ಲದ ಕುಟುಂಬಗಳು ಮಲೆನಾಡಿನ ಕಾಫಿ ತೋಟಗಳಿಗೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತವೆ. ಗುಳೆ ಹೋದ ಮನೆಗಳ ಮಕ್ಕಳ ಓದು ಅರ್ಧಕ್ಕೆ ನಿಲ್ಲುವುದು ಈ ತಾಲ್ಲೂಕಿನ ಹಳೆಯ ಸಮಸ್ಯೆ.

ಸಂಪರ್ಕ ಮತ್ತು ಸಮೀಪದ ಸ್ಥಳಗಳು

ದಾವಣಗೆರೆ ಮತ್ತು ಹರಪನಹಳ್ಳಿಯಿಂದ ಬಸ್ಸುಗಳಿವೆ. ಸಮೀಪದ ರೈಲು ನಿಲ್ದಾಣಗಳು ದಾವಣಗೆರೆ ಮತ್ತು ಕೊಟ್ಟೂರು–ಹರಿಹರ ಮಾರ್ಗದ ಹರಪನಹಳ್ಳಿ. ಬೆಟ್ಟ ಹತ್ತಲು ಬೆಳಗಿನ ಹೊತ್ತು ಅನುಕೂಲ. ಬೇಸಿಗೆಯಲ್ಲಿ ಬಂಡೆ ಬೇಗ ಕಾಯುತ್ತದೆ. ಹರಪನಹಳ್ಳಿ ತಾಲ್ಲೂಕಿನಲ್ಲಿಯೇ ಇರುವ ಬಾಗಳಿಯ ಕಲ್ಲೇಶ್ವರ ದೇವಾಲಯ ಹಾಗೂ ನೀಲಗುಂದದ ಭೀಮೇಶ್ವರ ದೇವಾಲಯಗಳು ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಕ್ಕೆ ಹೆಸರಾಗಿವೆ.